ಶೆಟಗೆವ್ವನ ಸುಣ್ಣ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಹೆದರುತ್ತೇನೆ, ಬಸ್ಸು ಇಳಿಜಾರಿನಲ್ಲಿ ಜೋರಾಗಿ ಹೋದರೆ ಹೆದರುತ್ತೇನೆ, ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿದರೆ ಸಾಕು, ನನ್ನ ಬಿ.ಪಿ. ಏರುತ್ತದೆ. ಇವೆಲ್ಲ ನಾಲ್ಕು ಜನರೆದುರು ಹೇಳಿ ನಗಬಹುದಾದ ಹೆದರಿಕೆಗಳು. ಆದರೆ ಒಂದು ಸಲ ನಾನು ಒಂದು ಅಂಕಿಗೆ ಹೆದರಿದೆ. ಆ ಹೆದರಿಕೆ ಇನ್ನೂ ಹೋಗಿಲ್ಲ.

ಜಮಖಂಡಿಯ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆ ಬನಹಟ್ಟಿಯಲ್ಲಿ. ಗಂಡನ ಮನೆಯವರದು ಮಗ್ಗದ ಕೆಲಸ. ಹಗಲೆಲ್ಲ ಮನೆಯ ಗೋಡೆ ನಡುಗುವ ಹಾಗೆ ಮಗ್ಗಗಳು ಬಡಿಯುತ್ತಿರುತ್ತವೆ. ಮದುವೆಯಾದ ಹೊಸದರಲ್ಲಿ ಆ ಸದ್ದಿಗೆ ತಲೆ ಸಿಡಿಯುತ್ತಿತ್ತು. ಈಗ ಕರೆಂಟು ಹೋಗಿ ಮಗ್ಗ ನಿಂತರೆ ಏನೋ ಅನಾಹುತವಾಯಿತೆಂದು ಎದ್ದು ಕೂಡುತ್ತೇನೆ. ಹೇಳಿದೆನಲ್ಲ, ಪುಕ್ಕಲಿ.

ಕಲಿಸುತ್ತಲೇ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ವಿಷಯ ಕಲ್ಲಿನದು. ಮುಧೋಳದಿಂದ ಬೀಳಗಿಯ ಕಡೆಗೆ ಹೋಗುವಾಗ ಬೂದು ಬಣ್ಣದ ಸುಣ್ಣಕಲ್ಲು ನೆಲದಿಂದ ಎದ್ದು ಕಾಣುತ್ತದೆ. ಆ ಬೂದು ಕಲ್ಲು ಎಂದೋ ಸಮುದ್ರದ ತಳದಲ್ಲಿ ಕೆನೆಗಟ್ಟಿ ಕೂತದ್ದು. ಅದರ ಸೀಳುಗಳಲ್ಲಿ ಬಿಳಿ ಎಳೆಗಳಿರುತ್ತವೆ. ಅವು ಆಮೇಲೆ ಬಂದು ತುಂಬಿಕೊಂಡ ಖನಿಜ, ಕ್ಯಾಲ್ಸೈಟ್. ನನ್ನ ಪ್ರಶ್ನೆ ಇಷ್ಟೇ: ಈ ಬಿಳಿ ಎಲ್ಲಿಂದ ಬಂತು? ಪಕ್ಕದ ಕಲ್ಲೇ ಕರಗಿ ಹರಿದು ಬಂತೋ, ಮೇಲಿನ ಮಣ್ಣಿನಿಂದ ಮಳೆನೀರು ಹೊತ್ತು ತಂತೋ, ಅಥವಾ ಜಮಖಂಡಿಯ ಕಡೆ ಈಗ ಕರಿಕಲ್ಲಾಗಿ ಬಿದ್ದಿರುವ ಲಾವಾ ಬಿಸಿಯಾಗಿದ್ದ ಕಾಲದಲ್ಲಿ ಕುದಿಯುವ ನೀರು ತಂತೋ?

ಕಣ್ಣಿನಿಂದ ನೋಡಿ ಇದನ್ನು ಹೇಳಲಾಗದು. ಬಿಳಿ ಎಲ್ಲ ಒಂದೇ ಬಿಳಿ. ಆಸಿಡ್ಡಿನ ಹನಿ ಬಿಟ್ಟರೆ ಎಲ್ಲವೂ ಒಂದೇ ರೀತಿ ನೊರೆಯುತ್ತವೆ. ಆದರೆ ಅವುಗಳೊಳಗಿನ ಇಂಗಾಲದಲ್ಲಿ ಎರಡು ತೂಕದವಿವೆ, ಒಂದು ಹಗುರ, ಇನ್ನೊಂದು ತುಸು ಭಾರ. ಎರಡೂ ಕಾಲ ಕಳೆದ ಹಾಗೆ ಕೆಡುವುದಿಲ್ಲ, ಇನ್ನೊಂದಾಗಿ ಮಾರ್ಪಡುವುದಿಲ್ಲ. ಅದಕ್ಕೇ ಅವನ್ನು ಸ್ಥಿರ ಐಸೊಟೋಪುಗಳು ಎನ್ನುತ್ತಾರೆ. ಯಾವುದು ಎಷ್ಟು ಪಾಲು ಇದೆ ಎಂದು ಅಳೆದರೆ ಖನಿಜದ ತವರು ಗೊತ್ತಾಗುತ್ತದೆ. ಗೊತ್ತಾದ ಒಂದು ಸಮುದ್ರದ ಸುಣ್ಣವನ್ನು ಸೊನ್ನೆಯೆಂದು ಇಟ್ಟುಕೊಂಡು ಹೋಲಿಸುತ್ತಾರೆ, ಹಗುರವಾದದ್ದು ಹೆಚ್ಚಿದಷ್ಟೂ ಅಂಕಿ ಸೊನ್ನೆಯಿಂದ ಕೆಳಗಿಳಿಯುತ್ತದೆ. ಸಮುದ್ರದಲ್ಲಿ ಹುಟ್ಟಿದ ಕಲ್ಲಿನ ಅಂಕಿ ಸೊನ್ನೆಯ ಆಸುಪಾಸಿನಲ್ಲಿ ಬರುತ್ತದೆ. ಮಣ್ಣಿನ ನೀರಿನಿಂದ ಬಂದದ್ದಾದರೆ ಸೊನ್ನೆಗಿಂತ ಸ್ವಲ್ಪ ಕೆಳಗೆ. ಬಾಯಿ ತೆಗೆದು ಎರಡು ಮಾತಾಡಿದರೆ ಮನುಷ್ಯ ಯಾವ ಸೀಮೆಯವನೆಂದು ತಿಳಿಯುವುದಿಲ್ಲವೇ, ಹಾಗೆ. ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಸಣ್ಣ ಡ್ರಿಲ್ಲಿನಿಂದ ಬಿಳಿ ಎಳೆಯನ್ನಷ್ಟೇ ಕೊರೆದು, ಚಿಟಿಕೆ ಪುಡಿಯನ್ನು ಶೀಶೆಗೆ ತುಂಬಿ ದೂರದ ಲ್ಯಾಬಿಗೆ ಕಳಿಸುವುದು ನನ್ನ ಕೆಲಸ.

ಕಲ್ಲು ಒಡೆದು ತರುವ ಹೊತ್ತಿಗೆ ನಾನು ಬಸಿರಿಯಾದೆ. ಅದಕ್ಕೆ ಮೊದಲು ಒಂದು ಸಲ ಆಗಿ, ಹೊಟ್ಟೆ ಕಾಣಿಸಿಕೊಳ್ಳುವ ಹೊತ್ತಿಗೆ ಹೋಗಿತ್ತು. ಯಾಕೆ ಹೋಯಿತೆಂದು ಡಾಕ್ಟರೂ ಹೇಳಲಿಲ್ಲ. ಕೆಲವೊಮ್ಮೆ ಹಾಗಾಗುತ್ತದೆ ಅಂದರು. ಕಾರಣ ಹೇಳಿದ್ದರೆ ಆ ಕಾರಣಕ್ಕಷ್ಟೇ ಹೆದರುತ್ತಿದ್ದೆ. ಕಾರಣವಿಲ್ಲದ್ದರಿಂದ ಎರಡನೆಯ ಸಲ ಎಲ್ಲಕ್ಕೂ ಹೆದರಿದೆ, ಪಪ್ಪಾಯಿಗೆ, ಮೆಟ್ಟಿಲಿಗೆ, ಸೀನಿಗೆ ಕೂಡ.

ಸುತ್ತಿಗೆಯನ್ನು ಚೀಲದಲ್ಲಿ ಹಾಕಿಕೊಳ್ಳುವುದನ್ನು ಅತ್ತೆ ನೋಡಿದರು. ನನ್ನ ಅತ್ತೆ ಎತ್ತರದ ಹೆಂಗಸು. ಮಾವ ತೀರಿಕೊಂಡ ಮೇಲೆ ಮಗ್ಗದ ಮನೆಯನ್ನು ಎತ್ತಿ ನಿಲ್ಲಿಸಿದವರು ಅವರೇ. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಲೇ ಊರಿನ ಸುದ್ದಿಯನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ.

"ಬಸರ ಹೆಂಗಸು ಕಾಯಿ ಒಡಿಯೂದಿಲ್ಲ, ಕುಂಬಳಕಾಯಿ ಹೆಚ್ಚೂದಿಲ್ಲ. ಇಕಿ ಕಲ್ಲ ಒಡಿಯಾಕ ಹೊಂಟಾಳ" ಅಂದರು.

"ಹಂಗಾರ ನಿಮ್ಮ ಮಗಗ ಹೇಳ್ರಿ ಅತ್ತಿ, ಅವರು ಬಂದು ಒಡೀಲಿ."

"ಹೆಂಡ್ತಿ ಬಸರಿದ್ದಾಗ ಗಂಡನೂ ಒಡಿಯೂದಿಲ್ಲ. ನಾನ ಬರ್ತೇನಿ. ನಾನೇನ ಇನ್ನ ಹಡಿಯಾಕಿ ಅಲ್ಲ. ಸುತ್ತಿಗಿ ಇತ್ಲಾಗ ಕೊಡು."

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೂ ಸುತ್ತಿಗೆಯನ್ನು ಅವರ ಕೈಗೆ ಕೊಟ್ಟಾಗ ಎದೆಯ ಮೇಲಿನ ಭಾರ ಇಳಿದಂತಾಯಿತು. ನಂಬದೆ ಇರುವುದು ಬೇರೆ, ಹೆದರದೆ ಇರುವುದು ಬೇರೆ.

ಹೀಗೆ ಒಂದು ಚಳಿಗಾಲವಿಡೀ, ನನ್ನ ರಜೆಯ ದಿನಗಳಲ್ಲಿ, ಅತ್ತೆ-ಸೊಸೆ ಇಬ್ಬರೂ ಕಲ್ಲು ಒಡೆಯಲು ಹೋದೆವು. ಬನಹಟ್ಟಿಯಿಂದ ಮುಧೋಳಕ್ಕೆ ಬಸ್ಸು, ಅಲ್ಲಿಂದ ಮುಂದೆ ಗೊತ್ತಿನ ಆಟೋ. ನಾನು ಇಂಥಲ್ಲಿ ಎಂದು ಬೆರಳು ತೋರಿಸುವುದು, ಅವರು ಕಚ್ಚೆ ಬಿಗಿದು ಏಟು ಹಾಕುವುದು. ಅವರ ಕೈ ಎಷ್ಟು ಹದವಾಗಿತ್ತೆಂದರೆ ಬೇಕಾದ ಚೂರು ಬೇಕಾದಷ್ಟೇ ಬರುತ್ತಿತ್ತು. ದಾರಿಯಲ್ಲಿ ಯಾರಾದರೂ ನಿಂತು ನೋಡಿದರೆ ನನಗೆ ನಾಚಿಕೆ. ಅವರಿಗೆ ಖುಷಿ.

"ಇಷ್ಟ ಓದಿ ಕಲ್ಲ ಆರಸ್ಕೋತ ಹೊಂಟೇವಿ. ಮಂದಿ ನೋಡಿದ್ರ ಅತ್ತಿ-ಸೊಸಿ ಇಬ್ರಿಗೂ ತಲಿ ಕೆಟ್ಟೈತಿ ಅಂತಾರ ನೋಡು" ಎಂದು ನಗುತ್ತಿದ್ದರು.

ಕೊನೆಯ ದಿನ ನನಗೆ ವಾಂತಿ ಜಾಸ್ತಿಯಾಗಿತ್ತು. ಒಂದು ಹಳ್ಳಿಯ ಹೊರಗೆ ಬೇವಿನ ಮರದ ಕೆಳಗೆ ಚಾದರ ಹಾಸಿ ಮಲಗಿಬಿಟ್ಟೆ. ಮಲಗಿದಲ್ಲಿಂದಲೇ ಹೊಲದ ಬದುವಿನಾಚೆ, ಜಾಲಿಯ ಮುಳ್ಳಿನ ನಡುವೆ, ನೆಲದಿಂದ ಮೊಣಕಾಲೆತ್ತರ ಎದ್ದ ಒಂದು ಕಲ್ಲು ಕಂಡಿತು. ಮಳೆಗೆ ಸಿಡಿದ ಕೆಸರು ಅದರ ಮೇಲೆಲ್ಲ ಒಣಗಿ ಹಿಡಿದಿತ್ತು. ಒಂದು ಕಡೆ ಮಾತ್ರ ಬೆಳ್ಳಗೆ.

"ಅಲ್ಲೊಂದು ಬಿಳೇದು ಕಾಣತೈತಿ ನೋಡ್ರಿ ಅತ್ತಿ. ಅದೊಂದ ಒಡಕೊಂಡ ಬರ್ರಿ, ಹೋಗೂಣು."

ಅವರು ಹೋದರು. ಒಂದು ಏಟಿನ ಸದ್ದು ಕೇಳಿತು. ಎರಡನೆಯದು ಕೇಳಲಿಲ್ಲ. ತುಸು ಹೊತ್ತಾದ ಮೇಲೆ ಸೆರಗಿನಿಂದ ಏನನ್ನೋ ತಿಕ್ಕಿ ಒರೆಸುತ್ತ ಬಂದರು. ಅಂಗೈಯಗಲದ ಚೂರು, ಕೆಳಗೆ ಬೂದು, ಮೇಲೆ ಬಿಳಿ. ನಾನು ಮಲಗಿದಲ್ಲೇ ಆಸಿಡ್ಡಿನ ಹನಿ ಬಿಟ್ಟೆ. ನೊರೆ ಬಂತು. ಪೊಟ್ಟಣಕ್ಕೆ ಹಾಕಿ ನಂಬರು ಬರೆದೆ.

"ಆತಲ್ಲ, ಇನ್ನ ನಡಿ" ಅಂದರು ಅತ್ತೆ. ತಿರುಗಿ ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಕೈ ಹಿಡಿಯುವ ರೂಢಿ ಅವರಿಗಿರಲಿಲ್ಲ. ದಣಿದಿದ್ದಾರೆ ಅಂದುಕೊಂಡೆ.

ಅಂಕಿಗಳು ಬಂದದ್ದು ನನಗೆ ಏಳು ತುಂಬುವ ಹೊತ್ತಿಗೆ. ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ರಬಕವಿ-ಬನಹಟ್ಟಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಫೋನಿಗೆ ಲ್ಯಾಬಿನ ಮೇಲ್ ಬಂತು. ಬೆರಳಿನಿಂದ ಮೇಲಕ್ಕೆ ಸರಿಸುತ್ತ ಹೋದೆ. ಕೆಲವು ಸೊನ್ನೆಯ ಮೇಲೆ, ಕೆಲವು ಸೊನ್ನೆಯ ಕೆಳಗೆ, ಎಲ್ಲವೂ ನಾನು ಎಣಿಸಿದ ಹಾಗೇ ಇದ್ದವು, ಒಳಗೊಳಗೇ ಹಿಗ್ಗಿದೆ. ಕೊನೆಯ ಸಾಲಿಗೆ ಬಂದಾಗ ಮೊದಲು ಚುಕ್ಕಿ ಇಡುವುದರಲ್ಲಿ ತಪ್ಪಾಗಿದೆ ಅಂದುಕೊಂಡೆ. ಮೈನಸ್ ಇಪ್ಪತ್ತನ್ನೂ ದಾಟಿ ಕೆಳಗಿತ್ತು.

ನಾನು ಓದಿದ ಯಾವ ಸುಣ್ಣಕಲ್ಲಿನ ಎಳೆಯೂ ಅಷ್ಟು ಕೆಳಗೆ ಇಳಿದಿರಲಿಲ್ಲ. ಸಮುದ್ರದ್ದಲ್ಲ, ಮಣ್ಣಿನದಲ್ಲ, ಕುದಿನೀರಿನದೂ ಅಲ್ಲ. ಎಲ್ಲಿಂದಲೂ ಬರದ ಒಂದು ವಸ್ತು ನನ್ನ ಪೊಟ್ಟಣದಲ್ಲಿ ಕೂತಿತ್ತು. ಹೊಟ್ಟೆಯಲ್ಲಿ ಕೂಸು ಒದ್ದಿತು. ಬಸ್ಸು ಬಂದು ಹೋದದ್ದೂ ನನಗೆ ಗೊತ್ತಾಗಲಿಲ್ಲ.

ಗೈಡ್‌ಗೆ ಫೋನ್ ಮಾಡಿದೆ. ಅವರು ಧಾರವಾಡದಲ್ಲಿರುವವರು, ಯಾವುದಕ್ಕೂ ಗಾಬರಿಯಾಗುವವರಲ್ಲ. "ಏನೋ ಬೆರಕಿ ಆಗಿರಬೇಕು ತಗೋರಿ. ಇನ್ನೊಮ್ಮೆ ಕಳಸ್ರಿ" ಅಂದರು. ಅದೇ ಚೂರಿನ ಬಿಳಿಯನ್ನು ಮತ್ತೊಮ್ಮೆ ಕೊರೆದು ಕಳಿಸಿದೆ. ಅದೇ ಅಂಕಿ ಬಂತು.

ಆಮೇಲೆ ಕೂತು ಹುಡುಕಿ ಓದಿದೆ. ಕಲ್ಲಿನ ಬಗ್ಗೆ ಬರೆದವರ ಬರಹಗಳಲ್ಲಿ ಸಿಗಲಿಲ್ಲ. ಹಳೆಯ ಕಟ್ಟಡಗಳ ಗಾರೆಯ ಬಗ್ಗೆ ಬರೆದವರಲ್ಲಿ ಸಿಕ್ಕಿತು. ಸುಣ್ಣಕಲ್ಲನ್ನು ಸುಟ್ಟಾಗ ಅದರೊಳಗಿನ ಇಂಗಾಲ ಗಾಳಿಗೆ ಹೋಗಿಬಿಡುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದಾಗ ಆ ಸುಣ್ಣ ಒಣಗುತ್ತ ಗಾಳಿಯಿಂದ ಮತ್ತೆ ಇಂಗಾಲ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವ ಅವಸರದಲ್ಲಿ ಹಗುರವಾದದ್ದನ್ನೇ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಬಳಿದ ಸುಣ್ಣದ ಅಂಕಿ ಅಷ್ಟು ಕೆಳಗೆ ಹೋಗುತ್ತದೆ. ಅಂದರೆ ನನ್ನ ಪೊಟ್ಟಣದಲ್ಲಿದ್ದ ಬಿಳಿ ಭೂಮಿಯಿಂದ ಬಂದದ್ದಲ್ಲ, ಮನುಷ್ಯರ ಕೈಯಿಂದ ಬಂದದ್ದು.

ಕಾಲೇಜಿನ ಲ್ಯಾಬಿನಲ್ಲಿ ಚೂರನ್ನು ಭೂತಗನ್ನಡಿಯ ಕೆಳಗಿಟ್ಟೆ. ಅದು ಒಂದು ಎಳೆಯಲ್ಲ, ಒಂದರ ಮೇಲೊಂದು ಕೂತ ತೆಳು ಪೊರೆಗಳು, ಈರುಳ್ಳಿಯ ಪೊರೆಗಳ ಹಾಗೆ. ಎರಡು ಪೊರೆಗಳ ನಡುವೆ ಕೂದಲೆಳೆಯಷ್ಟು ಹಳದಿ. ಇನ್ನೊಂದೆಡೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿ. ಅರಿಶಿನ, ಕುಂಕುಮ. ಬಾಗಿಲಲ್ಲಿ ಯಾರೋ ಮೇಡಂ ಅಂದರು. ನಾನು ಚೂರನ್ನು ಮುಚ್ಚಿಟ್ಟುಕೊಂಡೆ, ಕದ್ದವಳ ಹಾಗೆ.

ಸುಮ್ಮನಿರಬಹುದಿತ್ತು. ಹೆದರುವವರಿಗೆ ಸುಮ್ಮನಿರಲು ಬರುವುದಿಲ್ಲ. ಹೆದರಿಕೆಯ ಹತ್ತಿರಕ್ಕೇ ಹೋಗಿ ಅದರ ಮುಖ ನೋಡಿ ಬರಬೇಕು ಅನಿಸುತ್ತದೆ. ಕಾಲೇಜಿನ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಅದೇ ಆಟೋದಲ್ಲಿ ಆ ಹಳ್ಳಿಗೆ ಹೋದೆ. ಹೊಲದಲ್ಲಿ ಒಬ್ಬ ಹೆಂಗಸು ಒಬ್ಬಳೇ ಕಳೆ ತೆಗೆಯುತ್ತಿದ್ದಳು. ಬದುವಿನಾಚೆಯ ಕಲ್ಲನ್ನು ತೋರಿಸಿ ಅದೇನೆಂದು ಕೇಳಿದೆ.

"ಶೆಟಗೆವ್ವ ರೀ" ಅಂದಳು.

ಶೆಟಗೆವ್ವ ಎಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೂಸು ಹುಟ್ಟಿದ ಐದನೆಯ ದಿನ ಬಂದು ಅದರ ಹಣೆಯ ಮೇಲೆ ಬರೆದು ಹೋಗುವವಳು. ಎಷ್ಟು ಆಯುಷ್ಯ, ಏನು ಸುಖ, ಏನು ದುಃಖ, ಎಲ್ಲ ಅವಳು ಬರೆದದ್ದೇ. ಬೇರೆ ಕಡೆ ಮನೆಯೊಳಗೇ ಅವಳನ್ನು ಪೂಜಿಸುತ್ತಾರೆ. ಆ ಹಳ್ಳಿಯಲ್ಲಿ ಅವಳಿಗೊಂದು ಕಲ್ಲಿತ್ತು.

"ಕೂಸು ಹುಟ್ಟಿದ ಮನಿಯವ್ರು ಐದನೇ ದಿನಕ್ಕ ಬಂದ ಸುಣ್ಣಾ ಹಚ್ಚತೇವ್ರಿ. ಒಂದ ಕೂಸಿಗೆ ಒಂದ ಸಲ. ನಮ್ಮತ್ತಿ ಹಚ್ಚಿದ್ದೂ ಐತಿ, ಅವರತ್ತಿ ಹಚ್ಚಿದ್ದೂ ಐತಿ ಅದರಾಗ" ಅಂದಳು ಅವಳು.

ನಾನು ಭೂತಗನ್ನಡಿಯಲ್ಲಿ ನೋಡಿದ ಪೊರೆಗಳು ಒಂದೊಂದೂ ಒಂದೊಂದು ಕೂಸು. ಆದರೂ ಕೇಳಿದೆ: "ಒಂದ ಕಡೆ ಒಡದಂಗ ಕಾಣತೈತಲ್ರಿ?"

"ಹೂನ್ರಿ. ಯಾವ ಪುಣ್ಯಾತ್ಮರೋ ಒಡದಾರ. ಅವರ ಮನ್ಯಾಗ ಬಸರ ಹೆಂಗಸು ಇರಬಾರ್ದ ನೋಡ್ರಿ, ಇದ್ರ..." ಇಷ್ಟು ಹೇಳಿ ಅವಳು ತಲೆಯೆತ್ತಿ ನನ್ನ ಹೊಟ್ಟೆ ನೋಡಿದಳು. "ಬಿಸಲಾಗ ನಿಂದರಬ್ಯಾಡ್ರಿ, ನೆಳ್ಳಿಗೆ ಕೂಡ್ರಿ" ಅಂದಳು.

ನಾನು ಕೂಡಲಿಲ್ಲ. ಕಲ್ಲಿನ ಹತ್ತಿರ ಹೋಗಿ ನೋಡಿದೆ. ಎಡ ಹೆಗಲು ಹಾರಿಹೋಗಿತ್ತು. ಒಡೆದ ಜಾಗದಲ್ಲಿ ಸುಣ್ಣದ ಬಿಳಿ ಅಂಚು, ಅದರೊಳಗೆ ಹಸಿ ಬೂದು ಕಲ್ಲು. ಬರೀ ಸುಣ್ಣವಲ್ಲ, ಅವಳ ಮೈಯೇ ಒಡೆದಿತ್ತು.

ಆಮೇಲಿನ ದಿನಗಳು ಹೆದರಿಕೆಯಲ್ಲೇ ಕಳೆದವು. ನಾನು ರಸಾಯನಶಾಸ್ತ್ರದವಳು, ಸುಣ್ಣ ಏನೆಂದು ನನಗೆ ಗೊತ್ತು, ಅದರ ಸೂತ್ರ ಬೋರ್ಡಿನ ಮೇಲೆ ಬರೆದು ಕಲಿಸುತ್ತೇನೆ. ಬರೆಯುತ್ತಿರುವಾಗಲೇ ಹೊಟ್ಟೆಯಲ್ಲಿ ಕೂಸು ಅಲುಗದೆ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಬಿ.ಪಿ. ಏರಿತು. ಡಾಕ್ಟರು ಉಪ್ಪು ಬಿಡಿಸಿದರು, ಮಲಗಿರಲು ಹೇಳಿದರು, ಏನಾದರೂ ಚಿಂತೆಯಿದೆಯಾ ಎಂದು ಕೇಳಿದರು. ಇಲ್ಲ ಅಂದೆ. ಶೆಟಗೆವ್ವನ ಹೆಗಲು ಒಡೆದಿದ್ದೇವೆ ಎಂದು ಡಾಕ್ಟರಿಗೆ ಹೇಗೆ ಹೇಳುವುದು?

ಗಂಡನಿಗೂ ಹೇಳಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅತ್ತೆಗೆ ಗೊತ್ತಾಗಬಾರದಿತ್ತು. ಸುತ್ತಿಗೆ ಹಿಡಿದವರು ಅವರು. ನನ್ನ ಕೂಸಿಗೆ ಏನೂ ಆಗದಿರಲೆಂದೇ ಹಿಡಿದವರು. ಅದೇ ಏಟು ಎಲ್ಲಿ ಬಿದ್ದಿದೆ ಎಂದು ತಿಳಿದರೆ ಅವರು ಉಳಿಯುವುದಿಲ್ಲ ಅನಿಸಿತು.

ಅವರೂ ಆ ದಿನಗಳಲ್ಲಿ ಬದಲಾಗಿದ್ದರು. ಮಾತು ಕಡಿಮೆಯಾಗಿತ್ತು. ಸಂಜೆಯ ಊಟ ಬಿಟ್ಟರು. ಕೇಳಿದರೆ ಹಸಿವಿಲ್ಲ ಅಂದರು. ಒಂದು ದಿನ ಟ್ರಂಕು ತೆಗೆದು ತಮ್ಮ ಚಿನ್ನದ ಬೋರಮಾಳ ಸರವನ್ನು ನನ್ನ ಕೈಗಿಟ್ಟು, "ಕೂಸಿಗೆ ಇಟ್ಟಿರು" ಅಂದರು. ಇನ್ನೂ ಹುಟ್ಟದ ಕೂಸಿಗೆ ಯಾಕೆ ಅನ್ನುವಷ್ಟರಲ್ಲಿ ಟ್ರಂಕು ಮುಚ್ಚಿ ಎದ್ದು ಹೋದರು. ಸುಳ್ಳು ಹೇಳಿ ಆಟೋ ಹತ್ತಿ ಹೋದದ್ದು ತಿಳಿದು ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದು ನಾನು ತಿಳಿದೆ. ನನ್ನ ಹೆದರಿಕೆಯ ನಡುವೆ ಅದೊಂದು ಬೇರೆ.

ಎಂಟು ತುಂಬಿ ಕೆಲವೇ ದಿನಗಳಾಗಿದ್ದವು. ಒಂದು ಬೆಳಗ್ಗೆ ಕಣ್ಣು ಮಂಜಾಯಿತು, ತಲೆ ಒಡೆಯುವ ನೋವು. ಜಮಖಂಡಿಯ ಆಸ್ಪತ್ರೆಗೆ ಒಯ್ದರು. ಇನ್ನು ತಡೆಯುವುದು ಬೇಡ ಎಂದು ಆಪರೇಷನ್ ಮಾಡಿದರು. ಹೆಣ್ಣು ಕೂಸು, ಬಹಳ ಸಣ್ಣದು. ನಾನು ಸರಿಯಾಗಿ ನೋಡುವ ಮೊದಲೇ ಒಯ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನಾನು ಮಲಗಿದಲ್ಲೇ ನರ್ಸುಗಳ ಮುಖ ನೋಡಿ ಕೂಸಿನ ಸ್ಥಿತಿ ಓದಲು ಯತ್ನಿಸುತ್ತಿದ್ದೆ. ಯಾವ ಮುಖದಲ್ಲೂ ಏನೂ ಬರೆದಿರಲಿಲ್ಲ. ಯಾರಾದರೂ ಅವಸರದಿಂದ ನಡೆದರೆ ಸತ್ತೇಹೋಗುತ್ತಿದ್ದೆ.

ಕೂಸು ಗಟ್ಟಿಯಾಗಿತ್ತು. ತಾನಾಗಿ ಉಸಿರಾಡಿತು, ಹಾಲು ಕುಡಿಯಿತು. ಐದನೆಯ ದಿನ ಬೆಳಗ್ಗೆ ತಂದು ನನ್ನ ಮಗ್ಗುಲಲ್ಲಿ ಮಲಗಿಸಿದರು.

ಅಂದು ಇಳಿಹೊತ್ತಿನಲ್ಲಿ ಅತ್ತೆ ಮಿಂದು ಮಡಿಯುಟ್ಟು ಬಂದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಹೊಸ ಬಟ್ಟೆ ಹಾಸಿ, ಅಕ್ಕಿ ಸುರಿದು, ಮೇಲೆ ದೀಪ ಇಟ್ಟರು. ನರ್ಸ್ ಓಡಿ ಬಂದಳು. "ಅಜ್ಜಿ, ಇಲ್ಲಿ ದೀಪ ಹಚ್ಚಂಗಿಲ್ಲ. ಆಕ್ಸಿಜನ್ ಐತಿ."

"ಹಚ್ಚೂದಿಲ್ಲ ತಗೋ. ಇಟ್ಟಿರ್ತೇನಿ. ನಿನ್ನ ಪೆನ್ನೊಂದೀಟ ಕೊಡವ್ವಾ" ಅಂದರು ಅತ್ತೆ. ನರ್ಸಿನ ಪೆನ್ನನ್ನು, ಒಂದು ಬಿಳಿ ಹಾಳೆಯನ್ನು ಹಚ್ಚದ ದೀಪದ ಮುಂದಿಟ್ಟರು. ಶೆಟಗೆವ್ವ ಬಂದು ಬರೆಯಲಿ ಎಂದು. ಆ ಖಾಲಿ ಹಾಳೆ ನೋಡಿ ನನಗೆ ತಡೆಯಲಾಗಲಿಲ್ಲ. ಅಳು ಬಂತು.

"ಅತ್ತಿ, ನಾವು ಆವತ್ತ ಕಡೀಕ ಒಡದ ಕಲ್ಲ ಐತಲ್ರಿ..."

"ಗೊತ್ತೈತಿ" ಅಂದರು ಅತ್ತೆ, ಕೂಸಿನ ಕುಂಚಿಗೆ ಸರಿಮಾಡುತ್ತ.

"ಏನ ಗೊತ್ತೈತ್ರಿ?"

"ಅದು ದೇವ್ರು ಅಂತ. ಏಟ ಹಾಕಿದ ಕೂಡ್ಲೆ ಕೆಸರ ಉದರಿ ಕುಂಕುಮ ಕಾಣ್ತು. ಏಟ ಬಿದ್ದ ಹೋಗಿತ್ತು. ಕೇಳಿ ತಿಳಕೊಂಡೆ ಆಮ್ಯಾಲ, ಯಾರ ಅಂತ."

ಅವರಿಗೆ ಗೊತ್ತಿತ್ತು. ಸೆರಗಿನಿಂದ ತಿಕ್ಕಿ ಒರೆಸಿದ್ದು ಕುಂಕುಮವನ್ನು. ಚೂರು ಅಲ್ಲೇ ಬಿಸಾಡಿ ಬಂದರೆ ಯಾಕೆಂದು ನಾನು ಕೇಳುತ್ತೇನೆ, ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ನನ್ನ ಹೆದರಿಕೆ ಹೊಟ್ಟೆಯೊಳಗಿನ ಕೂಸಿಗೆ ಇಳಿಯುತ್ತದೆ. ಆದ್ದರಿಂದ ತಂದು ನನ್ನ ಕೈಗೇ ಕೊಟ್ಟಿದ್ದರು.

"ನಿನಗ ಹೆಂಗ ತಿಳೀತು?" ಎಂದು ಕೇಳಿದರು.

"ಮಷಿನ್ ಹೇಳ್ತುರಿ."

"ಆ ಮಷಿನ್ನಿಗೆ ಬಾಯಿ ಮುಚ್ಚಕೊಂಡ ಇರಾಕ ಬರೂದಿಲ್ಲ ಹಂಗಾರ" ಅಂದರು. ನಾನು ಅಳುತ್ತಲೇ ನಕ್ಕೆ. ಹೊಲಿಗೆ ಹಾಕಿದ ಹೊಟ್ಟೆ ಜಗ್ಗಿ ನೋವಾಯಿತು.

"ಅಂಜಬ್ಯಾಡ. ನಾನು ಆಕಿಗೆ ಹೇಳೇನಿ. ಕೂಸಿನ ಹಣಿ ಮ್ಯಾಲ ಏನರ ಬರಿಯೂದಿದ್ರ ನನ್ನ ಹಣಿ ಮ್ಯಾಲ ಬರಿ, ಸುತ್ತಿಗಿ ನನ್ನ ಕೈಯಾಗಿತ್ತು, ಕೂಸಿಂದೇನ ತಪ್ಪು ಅಂತ. ನನ್ನ ಹಣಿ ಮ್ಯಾಲ ಇನ್ನ ಜಾಗಾ ಐತಿ" ಅಂದರು. ಜೋರಾಗಿ ಹೇಳಲಿಲ್ಲ. ಮಗ್ಗಕ್ಕೆ ನೂಲು ಸಾಲದು ಎನ್ನುವಾಗಿನ ದನಿ ಅದು. ಬಿಟ್ಟ ಊಟ, ಕೊಟ್ಟ ಬೋರಮಾಳ ಎಲ್ಲ ನನಗೆ ಆಗ ಅರ್ಥವಾಯಿತು. ಅವರು ಹೊರಡುವ ತಯಾರಿಯಲ್ಲಿದ್ದರು.

ಮಗಳು ಬೆಳೆದಳು. ಮಗ್ಗದ ಸದ್ದಿನಲ್ಲಿ ಹಾಯಾಗಿ ಮಲಗುತ್ತಿದ್ದಳು. ಥೀಸಿಸ್ಸಿನಿಂದ ಗೈಡ್ ಆ ಅಂಕಿಯನ್ನು ತೆಗೆಸಿದರು. ನನಗೂ ಅದು ಕಣ್ಣೆದುರಿಗೆ ಬೇಕಿರಲಿಲ್ಲ. ದಿನ ಹೋದಂತೆ ಹೆದರಿಕೆಯ ಮೇಲೆ ಧೂಳು ಕೂತಿತು. ಪೂರಾ ಮರೆತೆ ಎನ್ನಲಾರೆ. ಅತ್ತೆ ಕೆಮ್ಮಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ನೋಡುತ್ತಿದ್ದೆ.

ಈ ವರ್ಷ ಬೇಸಿಗೆಗೆ ಮೊದಲು ಅವರಿಗೆ ಏದುಸಿರು ಶುರುವಾಯಿತು. ನೀರಿನ ಕೊಡ ಎತ್ತಿದರೆ ಕೂತುಬಿಡುತ್ತಿದ್ದರು. ಜಮಖಂಡಿಯ ಡಾಕ್ಟರು ಪರೀಕ್ಷೆ ಮಾಡಿ, ಹೃದಯಕ್ಕೆ ಹೋಗುವ ನಾಳ ಕಟ್ಟಿಕೊಂಡಿದೆ, ಬೆಳಗಾವಿಗೆ ಹೋಗಿ ಆ ತಡೆ ಬೇಗ ತೆಗೆಸಿರಿ, ತೆಗೆಸಿದರೆ ಏನೂ ತೊಂದರೆಯಿಲ್ಲ, ಬಿಟ್ಟರೆ ಮಾತ್ರ ಹೇಳಲಾಗದು ಅಂದರು. ಅತ್ತೆಯ ಮುಖ ನೋಡಿದೆ. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ನಿರಾಳ ಇತ್ತು.

ಮನೆಗೆ ಬಂದು ಖಡಾಖಂಡಿತವಾಗಿ ಹೇಳಿದರು: ಬೆಳಗಾವಿಗೆ ಬರುವುದಿಲ್ಲ. ಮಗ ಬೇಡಿಕೊಂಡ, ಸಿಟ್ಟಾದ, ಊಟ ಬಿಟ್ಟ. ಜಗ್ಗಲಿಲ್ಲ. ಮಗ ಮಗ್ಗದ ಕೋಣೆಗೆ ಹೋದ ಮೇಲೆ ನಾನು ಅವರ ಹತ್ತಿರ ಕೂತೆ.

"ಯಾಕ್ರಿ ಅತ್ತಿ?"

"ಬರೂದ ಬಂತಲ್ಲ, ಛಲೋ ಆತು. ಎಲ್ಲಿ ಬರೂದಿಲ್ಲೋ ಅಂತ ನನಗ ಅಂಜಿಕಿ ಇತ್ತು. ನನ್ನ ಹಣಿ ಮ್ಯಾಲಿಂದ ಅಳಸಿದ್ರ ಅದು ಎಲ್ಲಿ ಹೋಗ್ತೈತಿ ಹೇಳು?" ಅಂದರು. ಅಂಗಳದಲ್ಲಿ ಮಗಳು ಖಾಲಿ ಕಂಡಿಕೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಅತ್ತೆ ಅವಳ ಕಡೆ ನೋಡಿ ಮುಖ ತಿರುಗಿಸಿದರು.

ನಾನು ಏನು ಹೇಳಲಿ? ಶೆಟಗೆವ್ವ ಇಲ್ಲ ಎನ್ನಲೇ? ಇಲ್ಲವೆಂದು ನಾನೇ ಗಟ್ಟಿಯಾಗಿ ಹೇಳಲಾರದವಳು. ನಾಳಕ್ಕೂ ಕಲ್ಲಿಗೂ ಸಂಬಂಧವಿಲ್ಲ ಎಂದರೆ, ಓದಿದವರು ಹಾಗೇ ಹೇಳುವುದು ಅನ್ನುತ್ತಾರೆ. ಫೋನ್ ತೆಗೆದು ಹಳೆಯ ಮೇಲ್ ಹುಡುಕಿದೆ. ಕೊನೆಯ ಸಾಲನ್ನು ದೊಡ್ಡದು ಮಾಡಿ ಅವರ ಕಣ್ಣಿನ ಮುಂದೆ ಹಿಡಿದೆ.

"ಇಲ್ಲಿ ನೋಡ್ರಿ ಅತ್ತಿ. ಕಲ್ಲ ಆಗಿದ್ರ ಇದು ಸೊನ್ನಿ ಹತ್ರ ಬರ್ತಿತ್ತು. ಸುಣ್ಣದಾಗ ಒಂದೀಟ ಕಲ್ಲ ಕೂಡಿದ್ರೂ ಇಷ್ಟ ಕೆಳಗ ಇಳೀತಿದ್ದಿಲ್ಲ. ಎರಡ ಸಲ ಕಳಿಸೇನಿ, ಎರಡೂ ಸಲ ಇದ ಬಂದೈತಿ. ಇದು ಬರೇ ಸುಣ್ಣ. ಮಂದಿ ಹಚ್ಚಿದ ಸುಣ್ಣ. ಆಕಿ ಮೈಗೆ ನಿಮ್ಮ ಸುತ್ತಿಗಿ ಮುಟ್ಟೇ ಇಲ್ಲ."

ಅವರು ಫೋನನ್ನು ತಮ್ಮ ಕೈಗೆ ತೆಗೆದುಕೊಂಡು ಆ ಅಂಕಿ ನೋಡಿದರು. "ಏಟ ಹಾಕಿದಾಗ ಬೂದ ಬಣ್ಣ ಕಂಡಂಗಾತಲ್ಲ?"

"ಮಣ್ಣ ಇದ್ದೀತ್ರಿ. ಕೆಸರ ಹತ್ತಿತ್ತಲ್ಲ."

"ಮಷಿನ್ ಸುಳ್ಳ ಹೇಳೂದಿಲ್ಲ?"

"ಇಲ್ರಿ."

"ಖರೆ?"

"ಖರೆ."

ಯಂತ್ರ ಸುಳ್ಳು ಹೇಳಿರಲಿಲ್ಲ. ಬಿಳಿಯನ್ನಷ್ಟೇ ಕೊರೆದು ಕಳಿಸಿದರೆ ಅದು ಬಿಳಿಯ ತವರನ್ನಷ್ಟೇ ಹೇಳುತ್ತದೆ. ಕೆಳಗಿನ ಬೂದನ್ನು ನಾನು ಯಾರಿಗೂ ಕಳಿಸಿರಲಿಲ್ಲ.

ಸೋಮವಾರ ಬೆಳಗಾವಿಗೆ ಹೋದೆವು. ಬಸ್ಸಿನಲ್ಲಿ ಅತ್ತೆ ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದರು. ಅಷ್ಟು ನಿಶ್ಚಿಂತೆಯಿಂದ ಅವರು ನಿದ್ದೆ ಹೋದದ್ದನ್ನು ನಾನು ಕಲ್ಲು ಒಡೆದ ಮೇಲಿನ ಮೂರು ವರ್ಷಗಳಲ್ಲಿ ನೋಡಿರಲಿಲ್ಲ. ನಾಳದ ತಡೆ ತೆಗೆದರು, ಎಲ್ಲ ಸುಸೂತ್ರವಾಯಿತು. ಈಗ ಮತ್ತೆ ಕೊಡ ಎತ್ತುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. ಮಗಳು ಅವರ ಬೆನ್ನ ಹಿಂದೆಯೇ ಓಡಾಡುತ್ತಾಳೆ. ನಿನ್ನೆ ಅವಳಿಗೆ ಸ್ವಲ್ಪ ಮೈ ಬಿಸಿಯಾಗಿತ್ತು. ದವಡಿ ಹಲ್ಲು ಬರಾಕತ್ತಾವ, ಏನಾಗೂದಿಲ್ಲ ಬಿಡು ಎಂದು ಅತ್ತೆ ನಕ್ಕು ಕೆಲಸಕ್ಕೆ ಹೋದರು. ನಾನು ಕಾಲೇಜಿಗೆ ರಜೆ ಹಾಕಿ, ದಿನವಿಡೀ ಅವಳ ಹಣೆಯ ಮೇಲಿಂದ ಕೈ ತೆಗೆಯದೆ ಕೂತಿದ್ದೆ. ಈಗ ಈ ಮನೆಯಲ್ಲಿ ಹೆದರುವವಳು ನಾನೊಬ್ಬಳೇ.